ಆರೈಕೆಯೂ ಅಧಿಕಾರವೂ

ಗೌರವವೆಂಬುದು ಒಂದು, ಅಧಿಕಾರವೆಂಬುದು ಮತ್ತೊಂದು. ಇವೆರಡರ ನಡುವಣ ಅಂತರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಬ್ಬರನ್ನು ನಾಲ್ಕು ಜನರ ಮುಂದೆ ಹೊಗಳಿದೆವೆಂದರೆ ಅವರ ಋಣವು ತೀರಿತೆಂದು ತಿಳಿದು ನೆಮ್ಮದಿಯಿಂದ ಮನೆಗೆ ತೆರಳುವುದೇ ನಮ್ಮ ವಾಡಿಕೆಯಾಗಿದೆ. ಈ ವಾಡಿಕೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಿಚಾರಿಸುವಂತೆ ನನ್ನನ್ನು ಪ್ರೇರಿಸಿದುದು, ನಮ್ಮ ಸೀಮೆಯ ಒಂದೂರಿನಲ್ಲಿ ಮಳೆಗಾಲದ ಕೊನೆಗೆ ನಡೆದ ಒಂದು ಸಣ್ಣ ಸಭೆ.

ಆ ದಿನ ಆಶಾ ಕಾರ್ಯಕರ್ತೆಯೊಬ್ಬರಿಗೆ ಸನ್ಮಾನ. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿಯನ್ನು ಕೈಯಲ್ಲಿಟ್ಟರು. ಮೂವರು ಮಹನೀಯರು ಮಾತನಾಡಿ ಆಕೆಯನ್ನು ತಾಯಿಯೆಂದರು, ದೇವತೆಯೆಂದರು, ತ್ಯಾಗಮೂರ್ತಿಯೆಂದರು. ಕೊನೆಗೆ ಆಕೆ ಎದ್ದು, “ನಮ್ಮ ತೋಡಿನಾಚೆಗಿನ ಮನೆಗಳ ವಿಷಯ ಒಂದು ಮಾತು...” ಎಂದು ಆರಂಭಿಸಿದೊಡನೆಯೆ ಹೊತ್ತಾಯಿತೆಂದು ವಂದನಾರ್ಪಣೆಗೆ ಕರೆಯಾಯಿತು. ಹಿಂದಿರುಗುವಾಗ ದಾರಿಯಲ್ಲಿ ಆಕೆಯನ್ನು ಕಂಡು, ಹೇಳಬೇಕೆಂದಿದ್ದುದೇನೆಂದು ಕೇಳಿದೆನು. “ಆಟಿಯಲ್ಲಿ ಸಂಕ ಮುಳುಗಿದರೆ ಆಚೆಗಿನ ಹದಿನಾಲ್ಕು ಮನೆಗಳಿಗೆ ಗುಡ್ಡ ಸುತ್ತಿ ಹೋಗಬೇಕು, ಮಾಸ್ಟ್ರೇ. ಆ ತಿಂಗಳಲ್ಲಿ ಒಂದು ದಿನ ದಾದಿಯವರು ಆಚೆಯ ಶಾಲೆಯ ಜಗಲಿಯಲ್ಲಿ ಕುಳಿತರೆ ಸಾಕು. ಇಷ್ಟೇ ಹೇಳುವುದಿತ್ತು” ಎಂದರು. ಆ ವರ್ಷದ ಆಟಿಯಲ್ಲಿ ತೋಡಿನಾಚೆಯ ಮುದುಕರೊಬ್ಬರು ಐದು ದಿನ ಜ್ವರದಲ್ಲಿ ಮಲಗಿದ್ದರೆಂದೂ, ಅವರು ಯಾರ ಲೆಕ್ಕಕ್ಕೂ ಬರಲಿಲ್ಲವೆಂದೂ ಆಮೇಲೆ ತಿಳಿಯಿತು. ಬೀಳ್ಕೊಳ್ಳುವಾಗ ಆಕೆ ನಗುತ್ತಲೇ ಆಡಿದ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿದೆ: “ಶಾಲು ಚೆನ್ನಾಗಿದೆ. ಮಾತನ್ನೂ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು.”

ಆರೈಕೆ ಮಾಡುವವರು ಯಾರು? ಆರೈಕೆಯ ಕ್ರಮವನ್ನು ನಿಶ್ಚಯಿಸುವವರು ಯಾರು? ಇವರು ಬೇರೆ ಬೇರೆಯವರಾಗಿಯೇ ಇರುವುದು ನ್ಯಾಯವೆ? ಅದರಿಂದ ರೋಗಿಗಾದರೂ ಹಿತವುಂಟೆ? ಇದೇ ಇಲ್ಲಿ ವಿವೇಚಿಸತಕ್ಕ ಪ್ರಶ್ನೆಯು.

ಇದು ನಮ್ಮ ಒಂದೂರಿನ ಪ್ರಶ್ನೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಒಂದು ವರದಿಯಂತೆ, ಲೋಕದಲ್ಲಿ ಆರೋಗ್ಯ ಮತ್ತು ಸಮಾಜಸೇವೆಯ ಕೆಲಸದಲ್ಲಿರುವವರ ಪೈಕಿ ನೂರಕ್ಕೆ 70 ಮಂದಿ ಸ್ತ್ರೀಯರು; ಆದರೆ ಆ ಕ್ಷೇತ್ರದ ಹಿರಿಯ ಸ್ಥಾನಗಳಲ್ಲಿ ಅವರ ಪಾಲು ನೂರಕ್ಕೆ 25 ಮಾತ್ರ. ಸ್ತ್ರೀಯರು ಕೆಲಸವನ್ನು ನಡೆಯಿಸುವರು, ಪುರುಷರು ಮುಂದಾಳುಗಳಾಗುವರು ಎಂಬರ್ಥದ ಹೆಸರನ್ನೇ ಆ ವರದಿಗೆ ಇಟ್ಟಿದ್ದರು. ಅದೇ ಸಂಸ್ಥೆಯು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೊಡನೆ 2022ರಲ್ಲಿ ಹೊರಡಿಸಿದ ಇನ್ನೊಂದು ವರದಿಯು, ಈ ಕ್ಷೇತ್ರದಲ್ಲಿ ಸ್ತ್ರೀಯರ ಗಳಿಕೆಯು ಪುರುಷರ ಗಳಿಕೆಗಿಂತ ನೂರಕ್ಕೆ ಸುಮಾರು 24ರಷ್ಟು ಕಡಿಮೆಯೆಂದು ಕಂಡುಕೊಂಡಿತು. ಜಿನೀವಾ ನಗರದಿಂದ ನೋಡಿದರೆ ಇವು ಅಂಕೆಗಳು. ಸುಳ್ಯದ ಒಂದು ತೋಟದ ಅಂಗಳದಿಂದ ನೋಡಿದರೆ ಇವು ಮುಖಗಳು.

ಆ ಮುಖಗಳನ್ನು ವಾಚಕರೆಲ್ಲರೂ ಬಲ್ಲರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಪ್ರಾರಂಭವಾದಾಗ, ಗ್ರಾಮೀಣ ಪ್ರದೇಶದ ಸುಮಾರು 1000 ಜನರಿಗೆ ಒಬ್ಬರಂತೆ ಅದೇ ಊರಿನ ಹೆಂಗಸನ್ನು ಆರಿಸಿ ಆಶಾ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದು ಗೊತ್ತುಮಾಡಿದರು. ಇಂದು ದೇಶದಲ್ಲಿ ಇಂಥವರು ಸುಮಾರು ಹತ್ತು ಲಕ್ಷ. ನಮ್ಮ ಕರ್ನಾಟಕದಲ್ಲಿ ಸುಮಾರು 42,000. ಬಸುರಿಯರ ಹೆಸರು ಬರೆದುಕೊಳ್ಳುವುದು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು, ಎಳೆಮಕ್ಕಳಿಗೆ ಚುಚ್ಚುಮದ್ದಿನ ದಿನವನ್ನು ನೆನಪಿಸುವುದು, ಕ್ಷಯರೋಗಿಯು ಮಾತ್ರೆ ನುಂಗಿದನೆ ಎಂದು ನೋಡುವುದು, ಜ್ವರದವರ ಲೆಕ್ಕವನ್ನು ಒಪ್ಪಿಸುವುದು, ಇವೆಲ್ಲವೂ ಅವರ ಕೆಲಸಗಳು.

ಬಯಲುಸೀಮೆಯಲ್ಲಿ ಸಾವಿರ ಜನರೆಂದರೆ ಒತ್ತಿಗೊತ್ತಾಗಿ ಕಟ್ಟಿದ ಮನೆಗಳ ನಾಲ್ಕಾರು ಬೀದಿಗಳು. ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಊರೆಂಬುದಕ್ಕೆ ಬೀದಿಯೇ ಇಲ್ಲ. ಒಂದೊಂದು ಮನೆಯೂ ತನ್ನ ಅಡಕೆಯ ತೋಟದ ನಡುವೆ ತಾನೊಂದೇ ಕುಳಿತಿರುವುದು. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡವನ್ನೇರಬೇಕು, ಇಳಿಯಬೇಕು, ತೋಡನ್ನು ದಾಟಬೇಕು. ಅರಂತೋಡು, ಬಿಳಿನೆಲೆ, ಶಿರಾಡಿ ಮುಂತಾದ ಘಟ್ಟದ ಬುಡದ ಊರುಗಳಲ್ಲಿ ಕಾಡೂ ಇದರೊಂದಿಗೆ ಸೇರಿಕೊಳ್ಳುವುದು. ಗುಡ್ಡಗಾಡಿಗೆ ಲೆಕ್ಕವನ್ನು ಸಡಿಲಿಸಬಹುದೆಂದು ನಿಯಮದಲ್ಲಿ ಹೇಳಿರುವುದು ನಿಜವೆ. ಆದರೆ ಎಷ್ಟು ಸಡಿಲಿಸಬೇಕೆಂಬುದನ್ನು ಆ ದಾರಿಯಲ್ಲಿ ನಡೆದವರನ್ನು ಕೇಳದೆ ನಿಶ್ಚಯಿಸಿದರೆ, ನಿಯಮವು ಕಾಗದದಲ್ಲಿಯೇ ಉಳಿಯುವುದು.

ಇನ್ನೊಂದು ಉದಾಹರಣೆಯನ್ನು ಕೊಡುವೆನು. ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಯು ನಿಂತ ತಿಳಿನೀರಿನಲ್ಲಿ ಹುಟ್ಟುವುದು. ಪಟ್ಟಣದಲ್ಲಿ ಇದಕ್ಕೆ ಹೂಕುಂಡ, ಹಳೆಯ ಚಕ್ರ, ತೊಟ್ಟಿಗಳೇ ಆಶ್ರಯ. ನಮ್ಮಲ್ಲಾದರೋ ರಬ್ಬರು ಮರಕ್ಕೆ ಹಾಲು ಹಿಡಿಯಲು ಕಟ್ಟಿದ ಗೆರಟೆಗಳು, ತೋಟದಲ್ಲಿ ಬಿದ್ದ ಅಡಕೆಯ ಹಾಳೆಗಳು. ಮಳೆ ಹಿಡಿದು ಹಾಲು ತೆಗೆಯುವುದನ್ನು ನಿಲ್ಲಿಸಿದ ದಿನಗಳಲ್ಲಿ ಈ ಗೆರಟೆಗಳನ್ನು ಮಗುಚಿ ಇಡದಿದ್ದರೆ, ಒಂದೊಂದು ಮರವೂ ಒಂದೊಂದು ಸೊಳ್ಳೆಯ ತೊಟ್ಟಿಲಾಗುವುದು. ಯಾವ ತೋಟದವರು ಮಗುಚುವರು, ಯಾರು ಹೇಳಿದರೂ ಕೇಳಲಾರರು, ಯಾರಿಗೆ ಯಾರಿಂದ ಹೇಳಿಸಬೇಕು ಎಂಬುದನ್ನು ಮನೆಮನೆಗೆ ನಡೆದು ಹೋಗುವ ಹೆಂಗಸು ಬಲ್ಲಳು. ರೋಗವನ್ನು ಬಲ್ಲವನು ವೈದ್ಯನು. ರೋಗವು ಹುಟ್ಟುವ ಮನೆಯನ್ನು ಬಲ್ಲವಳು ಈಕೆ. ಎರಡೂ ಜ್ಞಾನವೇ. ಒಂದಕ್ಕೆ ಪೀಠವುಂಟು, ಇನ್ನೊಂದಕ್ಕೆ ಚಾಪೆಯೂ ಇಲ್ಲ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ತರುವರು. “ಆರೈಕೆಯು ಪ್ರೇಮದ ಕಾರ್ಯ. ಅದಕ್ಕೆ ಸಂಬಳ, ಹುದ್ದೆ, ಹಕ್ಕು ಎಂಬಿವನ್ನು ಅಂಟಿಸಿದರೆ ಅದರ ಪಾವಿತ್ರ್ಯವು ಕೆಡುವುದಿಲ್ಲವೆ?” ಈ ಮಾತು ಕೇಳಲು ಇಂಪಾಗಿದೆ. ಆದರೆ ನ್ಯಾಯಾಧೀಶನ ಕಾರ್ಯವೂ ಪವಿತ್ರವೆ, ಉಪಾಧ್ಯಾಯನದೂ ಪವಿತ್ರವೆ. ಸಂಬಳದಿಂದ ಅವರ ಕಾರ್ಯವು ಮೈಲಿಗೆಯಾಯಿತೆಂದು ಯಾರೂ ಹೇಳಿದುದನ್ನು ನಾನು ಕೇಳಿಲ್ಲ. ಹೆಂಗಸು ಮಾಡುವ ಕೆಲಸಕ್ಕೆ ಮಾತ್ರ ಪಾವಿತ್ರ್ಯದ ಮಾತು ಬರುವುದಾದರೆ, ಅದು ಸಂಬಳವನ್ನು ಕೊಡದಿರುವುದಕ್ಕೆ ಹುಡುಕಿದ ಚೆಲುವಾದ ಹೆಸರೇ ಹೊರತು ಬೇರೆಯಲ್ಲ. ಆಶಾ ಕಾರ್ಯಕರ್ತೆಯು ಸರಕಾರದ ಪುಸ್ತಕದಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಆಕೆಗೆ ದೊರೆಯುವುದು ವೇತನವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ. ‘ಗೌರವ’ವೆಂಬ ಶಬ್ದವು ಇಲ್ಲಿ ಎಷ್ಟು ಭಾರವನ್ನು ಹೊತ್ತಿದೆಯೆಂಬುದನ್ನು ಸಹೃದಯರು ಗಮನಿಸಬೇಕು.

2020ರಲ್ಲಿ ಕೊರೋನಾ ಪಿಡುಗು ಹಬ್ಬಿದಾಗ ನಾವೆಲ್ಲ ಬಾಗಿಲು ಮುಚ್ಚಿ ಒಳಗೆ ಕುಳಿತೆವು. ಈ ಹೆಂಗಸರು ಬಾಗಿಲು ಬಾಗಿಲಿಗೆ ನಡೆದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು, ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನವನ್ನೂ ಸೋಂಕಿನಿಂದ ರಕ್ಷಿಸುವ ಸಾಧನಗಳನ್ನೂ ಬೇಡಿ ಮುಷ್ಕರ ಹೂಡಬೇಕಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯದ ನಾಯಕರೆಂದು ಹೆಸರಿಸಿ ಪ್ರಶಸ್ತಿ ನೀಡಿತು. ಅದು ಸಂತೋಷಪಡತಕ್ಕ ವಿಷಯವೆ. ಆದರೆ 2025ರ ಜನವರಿಯ ಚಳಿಯಲ್ಲಿ ಅದೇ ನಾಯಕಿಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ರಾತ್ರಿಗಳನ್ನು ಕಳೆದರು. ಮಾಡಿದ ಕೆಲಸವೆಲ್ಲ ಗಣಕಯಂತ್ರದ ದಾಖಲೆಯಲ್ಲಿ ಕಾಣಿಸದೆ ತಮ್ಮ ದುಡಿಮೆಯ ಹಣವು ತಪ್ಪಿಹೋಗುವುದೆಂಬುದು ಅವರ ದೂರುಗಳಲ್ಲೊಂದು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರೆಯುವಂತೆ ಮಾಡುವೆವೆಂಬ ಭರವಸೆಯು ಬಂದ ಮೇಲೆ ಅವರು ಎದ್ದರು. ಲೋಕದ ಸಭೆಯಲ್ಲಿ ನಾಯಕಿ. ತನ್ನ ಕೂಲಿಯ ಲೆಕ್ಕವನ್ನು ಗೊತ್ತುಮಾಡುವ ಸಭೆಯಲ್ಲಿ ಪ್ರೇಕ್ಷಕಿಯೂ ಅಲ್ಲ! ಇದಕ್ಕಿಂತ ವಿಪರ್ಯಾಸವೇನಿದೆ?

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. “ಆಡಳಿತಕ್ಕೆ ಶಿಕ್ಷಣ ಬೇಕು, ದೂರದೃಷ್ಟಿ ಬೇಕು. ರೋಗಿಯ ಬಳಿಯಲ್ಲಿದ್ದ ಮಾತ್ರಕ್ಕೆ ಆರೋಗ್ಯದ ರಾಜ್ಯಭಾರವನ್ನು ವಹಿಸಬಹುದೆ?” ವಹಿಸಲಾಗದು, ಒಪ್ಪತಕ್ಕ ಮಾತು. ಆದರೆ ಹತ್ತಿರದ ಅನುಭವವಿಲ್ಲದ ಶಿಕ್ಷಣವೂ ಕುರುಡೇ. ಅವೆರಡೂ ಒಬ್ಬರಲ್ಲಿ ಕೂಡಿ, ಅವರಿಗೆ ಅಧಿಕಾರದ ಬಲವೂ ಒದಗಿದಾಗ ಏನಾಗುವುದೆಂಬುದಕ್ಕೆ ನಮ್ಮ ಹಳೆಯ ಮದರಾಸು ಪ್ರಾಂತದಲ್ಲಿಯೇ ನಿದರ್ಶನವುಂಟು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಾಂತದ ಶಾಸನಸಭೆಯ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. ಅದರ ಬೆನ್ನಿಗೇ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಆ ಸಭೆಗೆ ನಾಮಕರಣ ಹೊಂದಿ, 1927ರಲ್ಲಿ ಅದರ ಉಪಾಧ್ಯಕ್ಷರಾದರು. ಅವರು 1912ರಲ್ಲಿ ಮದರಾಸಿನ ವೈದ್ಯ ಕಾಲೇಜಿನಲ್ಲಿ ಪದವಿ ಪಡೆದವರು. ದೇವದಾಸಿ ಪದ್ಧತಿಯನ್ನು ತೊಡೆಯುವುದಕ್ಕಾಗಿ ಅವರು ಸಭೆಯಲ್ಲಿ ತೊಡಗಿದ ಹೋರಾಟವು 1947ರಲ್ಲಿ ಕಾನೂನಾಗಿ ಮುಗಿಯಿತು. ತಂಗಿಯೊಬ್ಬಳು ಅರ್ಬುದ ರೋಗದಿಂದ ತೀರಿಹೋದುದನ್ನು ಹತ್ತಿರದಿಂದ ನೋಡಿದ ಅವರೇ 1954ರಲ್ಲಿ ಅಡಯಾರಿನಲ್ಲಿ ಅರ್ಬುದ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ತಂಗಿಯ ಹಾಸಿಗೆಯ ಬಳಿ ಕುಳಿತು ಅತ್ತವರು ಲೋಕದಲ್ಲಿ ಎಷ್ಟೋ ಮಂದಿ. ಆ ಕಣ್ಣೀರು ಆಸ್ಪತ್ರೆಯಾಗಬೇಕಾದರೆ ವಿದ್ಯೆಯೂ ಅಧಿಕಾರವೂ ಕೂಡಿಬರಬೇಕು.

ವೈದ್ಯಶಾಸ್ತ್ರದ ಪದವಿಯಿಲ್ಲದೆಯೂ ಮೊದಲು ಕಂಡವರಿದ್ದಾರೆ. ನೆರೆಯ ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ವಿಷವನ್ನು ಸುರಿದರು. ಅದರ ನೆರಳು ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆಯ ಕಡೆಗೂ ಬಿದ್ದುದನ್ನು ನಾವು ಮರೆತಿಲ್ಲ. ಪೆರಿಯದಲ್ಲಿ ವಾಸವಾಗಿದ್ದ, ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನಸೀಫರ ನ್ಯಾಯಾಲಯಕ್ಕೆ ಹೋಗಿ, ಈ ಸಿಂಪಡಣೆಗೆ ತಡೆಯಾಜ್ಞೆಯನ್ನು ತಂದರು. ಭಾರತದ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಾದ್ಯಂತ ತಡೆದುದು 2011ರ ಮೇ ತಿಂಗಳಲ್ಲಿ. ಒಬ್ಬ ಹೆಂಗಸು ಕಂಡು ಹೇಳಿದುದಕ್ಕೂ ದೇಶವು ಒಪ್ಪಿದುದಕ್ಕೂ ನಡುವೆ 13 ವರ್ಷಗಳು. ಆ ನಡುವಣ ಕಾಲದಲ್ಲಿ ಅಂಗವಿಕಲ ಮಕ್ಕಳನ್ನು ಎತ್ತಿ ಮೀಯಿಸಿ ಉಣಿಸಿದ ತಾಯಂದಿರನ್ನು ನೆನೆದರೆ, ಕೇಳಬೇಕಾದ ಮಾತನ್ನು ಕೇಳದಿರುವುದರ ಬೆಲೆಯನ್ನು ತೆರುವವರು ಯಾರೆಂಬುದು ಸ್ಪಷ್ಟವಾಗುವುದು.

ಹಾಗಾದರೆ ಮೇಲಿನ ಪೀಠದಲ್ಲಿ ಒಬ್ಬ ಸ್ತ್ರೀಯನ್ನು ಕುಳ್ಳಿರಿಸಿದರೆ ಎಲ್ಲವೂ ಸರಿಹೋಗುವುದೆ? ಇದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಸ್ವತಂತ್ರ ಭಾರತದ ಮೊದಲ ಆರೋಗ್ಯಮಂತ್ರಿಗಳು ರಾಜಕುಮಾರಿ ಅಮೃತ್ ಕೌರ್ ಅವರು. 1950ರಲ್ಲಿ ವಿಶ್ವ ಆರೋಗ್ಯ ಸಭೆಯ ಅಧ್ಯಕ್ಷಪದವನ್ನು ಅಲಂಕರಿಸಿದ ಮೊದಲ ಸ್ತ್ರೀಯೂ ಅವರೇ. 1948ರಲ್ಲಿ ಹುಟ್ಟಿದ ವಿಶ್ವ ಆರೋಗ್ಯ ಸಂಸ್ಥೆಗೆ 2017ರವರೆಗೆ ಚುನಾಯಿತರಾದ ಎಂಟು ಮಂದಿ ಮಹಾನಿರ್ದೇಶಕರಲ್ಲಿ ನಾರ್ವೆಯ ಬ್ರುಂಟ್‌ಲಾಂಡ್ ಮತ್ತು ಹಾಂಗ್‌ಕಾಂಗಿನ ಮಾರ್ಗರೆಟ್ ಚಾನ್ ಎಂಬಿಬ್ಬರು ಸ್ತ್ರೀಯರು. ಇವರ ಹಿರಿಮೆ ಸಣ್ಣದಲ್ಲ. ಆದರೆ ಒಬ್ಬಳು ಏರಿದ ಮಾತ್ರಕ್ಕೆ ಏಣಿಯು ಎಲ್ಲರದ್ದಾಗುವುದಿಲ್ಲ. ಶಿಖರದ ಮೇಲೆ ದೀಪವಿದ್ದರೂ ಬುಡದಲ್ಲಿ ಕತ್ತಲೆಯಿರಬಹುದು.

ಬರಿಯ ಸ್ಥಾನವೂ ಸಾಲದು, ಸ್ಥಾನದೊಡನೆ ನಿರ್ಣಯದ ಹಕ್ಕೂ ಬೇಕು ಎಂಬುದನ್ನು ನಮ್ಮ ದೇಶದ ವೈದ್ಯಸ್ತ್ರೀಯರು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. 1885ರಲ್ಲಿ ಲೇಡಿ ಡಫರಿನ್ ಅವರ ಹೆಸರಿನಲ್ಲಿ ನಿಧಿಯು ಕೂಡಿ, ಸ್ತ್ರೀಯರಿಗಾಗಿ ಆಸ್ಪತ್ರೆಗಳು ಎದ್ದವು. ರೋಗಿಗಳು ಸ್ತ್ರೀಯರು, ವೈದ್ಯರೂ ಸ್ತ್ರೀಯರು. ಮೇಲ್ವಿಚಾರಣೆ ಮಾತ್ರ ಜಿಲ್ಲೆಯ ಸಿವಿಲ್ ಸರ್ಜನರ ಕೈಯಲ್ಲಿ. ಇದನ್ನು ಸಹಿಸದ ವೈದ್ಯಸ್ತ್ರೀಯರು 1907ರಲ್ಲಿ ತಮ್ಮದೇ ಸಂಘವನ್ನು ಕಟ್ಟಿ ವಾದಿಸಿದ ಮೇಲೆ, 1914ರಲ್ಲಿ ಸ್ತ್ರೀಯರ ಪ್ರತ್ಯೇಕ ವೈದ್ಯಸೇವೆಯು ಏರ್ಪಟ್ಟಿತು. ಬಾಗಿಲ ಮೇಲೆ ರಾಣಿಯ ಹೆಸರೋ ಗವರ್ನರರ ಪತ್ನಿಯ ಹೆಸರೋ ಇದ್ದ ಮಾತ್ರಕ್ಕೆ ಒಳಗಿನ ಆಡಳಿತವು ಸ್ತ್ರೀಯರದ್ದಾಗುವುದಿಲ್ಲ.

ಇದೆಲ್ಲ ಪಡುವಣ ದೇಶದ ವಿಚಾರ, ನಮ್ಮ ಸಂಪ್ರದಾಯಕ್ಕೆ ಒಗ್ಗದು ಎನ್ನುವವರಿಗೆ ಒಂದು ಮಾತು. ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಕುಲವು ಹೆಣ್ಣಿನಿಂದ ಹರಿಯುತ್ತಿತ್ತು. ಆಡಳಿತವು ಹಲವೆಡೆ ಮಾವನ ಕೈಯಲ್ಲಿದ್ದುದು ನಿಜ. ಆದರೆ ಹಿರಿಯಳಾದ ಹೆಂಗಸು ಯಜಮಾನ್ತಿಯಾಗುವುದಕ್ಕೆ ಆ ಕಟ್ಟಿನಲ್ಲಿ ಅಡ್ಡಿಯಿರಲಿಲ್ಲ. ಬೀಜದ ಭತ್ತವನ್ನು ಎಷ್ಟು ಇಡಬೇಕು, ಯಾವ ಗದ್ದೆಯನ್ನು ಯಾರಿಗೆ ಗೇಣಿಗೆ ಕೊಡಬೇಕು ಎಂಬುದನ್ನು ಆಕೆ ಹೇಳುತ್ತಿದ್ದಳು, ಉಳಿದವರು ಕೇಳುತ್ತಿದ್ದರು. ಮನೆಯ ಭಾರವನ್ನು ಹೊತ್ತವಳಿಗೆ ಮನೆಯ ಮಾತೂ ಸಲ್ಲಬೇಕೆಂಬುದು ನಮ್ಮ ಹಿರಿಯರಿಗೆ ತಿಳಿಯದ ತತ್ತ್ವವಲ್ಲ. ಅದನ್ನು ಗದ್ದೆಗೆ ಅನ್ವಯಿಸಿದೆವು. ಆರೋಗ್ಯಕ್ಕೆ ಅನ್ವಯಿಸಲು ಮರೆತೆವು.

ಹೆರಿಗೆಯ ಕೋಣೆಯಲ್ಲಿ ಈ ಮರೆವು ಚೆನ್ನಾಗಿ ಕಾಣುವುದು. ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಓದುಬರಹವನ್ನು ಕಲಿತವರಲ್ಲ. ಆದರೂ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರೆಂದು ಪ್ರಸಿದ್ಧರಾದರು. 2018ರಲ್ಲಿ ಪದ್ಮಶ್ರೀಯು ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಮನ್ನಣೆಯು ಬಂದುದು ಬಾಳಿನ ಸಂಜೆಯಲ್ಲಿ. ನಮ್ಮ ಊರುಗಳಲ್ಲಿಯೂ ಹಿಂದೆ ಸೂಲಗಿತ್ತಿಯರಿದ್ದರು. ಹೆರಿಗೆಯ ರಾತ್ರಿಯಲ್ಲಿ ಒಳಕೋಣೆಯವರೆಗೆ ಕರೆಯಿಸಿಕೊಂಡವಳೇ, ತೊಟ್ಟಿಲು ತೂಗುವ ದಿನ ಅಂಗಳದ ಮೂಲೆಯಲ್ಲಿ ಎಲೆ ಹಾಕಿಸಿಕೊಂಡು ಉಂಡು ಹೋಗುತ್ತಿದ್ದಳು. ಆಸ್ಪತ್ರೆಯ ಹೆರಿಗೆಯು ತಾಯಿಯ ಜೀವಕ್ಕೆ ಹೆಚ್ಚು ಕ್ಷೇಮವೆಂಬುದರಲ್ಲಿ ಸಂದೇಹವಿಲ್ಲ. ಹಿಂದಿನದಕ್ಕೆ ಮರಳಬೇಕೆಂದು ನಾನು ಹೇಳುವವನಲ್ಲ. ಕಾಲವು ಬದಲಾಯಿತು, ವಿದ್ಯೆಯು ಬದಲಾಯಿತು. ಆ ಅಂಗಳದ ಮೂಲೆಯು ಮಾತ್ರ ಹಾಗೆಯೇ ಉಳಿಯಿತೆಂಬುದೇ ನನ್ನ ವ್ಯಥೆ.

ಕಾನೂನಿನಲ್ಲಿ ದಾರಿಯಿಲ್ಲವೆನ್ನುವಂತಿಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ಅರ್ಧದಷ್ಟು ಸ್ಥಾನಗಳು ಮೀಸಲಾಗಿ ಹದಿನೈದು ವರ್ಷಗಳ ಮೇಲಾಯಿತು. ಗ್ರಾಮದ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿಯಲ್ಲಿ ಆಶಾ ಕಾರ್ಯಕರ್ತೆಯೇ ಸದಸ್ಯ ಕಾರ್ಯದರ್ಶಿಯಾಗಬೇಕೆಂದು ರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ಪೀಠವನ್ನು ಕಾನೂನು ಕೊಡಬಲ್ಲುದು; ಕಿವಿಯನ್ನು ಕೊಡಬೇಕಾದವರು ನಾವು. ಸಮಿತಿಯು ಸೇರಿದಾಗ ಆಕೆ ಕಡತ ಹಿಡಿದು ನಿಂತಿರುವಳೆ, ಕುಳಿತು ಮಾತನಾಡುವಳೆ? ಆಕೆಯ ಮಾತು ನಡವಳಿಯ ಪುಸ್ತಕದಲ್ಲಿ ಬರೆಯಲ್ಪಡುವುದೆ? ಊರಿನ ವಿದ್ಯಾವಂತರಾದ ನಾವು ಎಂದಾದರೂ ಹೋಗಿ ನೋಡಿದ್ದೇವೆಯೆ?

ಅಷ್ಟು ದೂರ ಹೋಗುವುದೇಕೆ? ನಮ್ಮ ನಮ್ಮ ಮನೆಯೇ ಮೊದಲ ಆರೋಗ್ಯ ಇಲಾಖೆ. ನನ್ನ ತಾಯಿಯವರು ನಾಲ್ವರು ಮಕ್ಕಳ ಜ್ವರವನ್ನೂ ಅಜ್ಜನ ಕೊನೆಯ ವರ್ಷಗಳನ್ನೂ ಎದ್ದು ಕುಳಿತು ಕಳೆದವರು. ಯಾವ ಕೆಮ್ಮು ಸಾಮಾನ್ಯದ್ದು, ಯಾವುದು ಕೆಟ್ಟದ್ದು ಎಂಬುದನ್ನು ಕಿವಿಯಿಂದಲೇ ಬಲ್ಲವರು. ಆದರೆ ವೈದ್ಯರ ಬಳಿಗೆ ಹೋಗುವುದೆಂದಾದರೆ ತಂದೆಯವರು ಪೇಟೆಯಿಂದ ಬಂದು ಹೇಳಬೇಕಿತ್ತು. ಒಮ್ಮೆ ಅವರು ಬರುವುದು ಎರಡು ದಿನ ತಡವಾಯಿತು. ನಮ್ಮ ಚಿಕ್ಕ ತಂಗಿಯು ಉಳಿದಳು, ಆದರೆ ಒಂದು ಕಿವಿ ಕೇಳಿಸದಾಯಿತು. ತಂದೆಯವರು ಕೆಟ್ಟವರಲ್ಲ, ತಾಯಿಯವರನ್ನು ಬಹಳ ಗೌರವಿಸುತ್ತಿದ್ದರು. ಗೌರವವು ಸಾಲದೆಂಬುದನ್ನು ನಾನು ಕಲಿತುದು ಪುಸ್ತಕದಿಂದಲ್ಲ. ನಾನು ಗಂಡಸು, ನನ್ನ ಮನೆಯಲ್ಲಿಯೂ ಬಹುಕಾಲ ಹೀಗೆಯೇ ನಡೆಯಿತೆಂಬುದನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಗಿಸುವುದು ನ್ಯಾಯವಾಗದು.

ಸಮಾನತೆಯೆಂಬುದು ಸ್ತ್ರೀಯರಿಗೆ ನಾವು ಕೊಡುವ ಬಹುಮಾನವಲ್ಲ. ಆರೈಕೆಯ ಹೊಣೆಯನ್ನು ಹೊತ್ತವರಿಗೆ ಆ ಹೊಣೆಯ ಕ್ರಮವನ್ನು ನಿಶ್ಚಯಿಸುವಲ್ಲಿ ಪಾಲು ಸಲ್ಲಬೇಕೆಂಬುದು ಅವರ ಹಕ್ಕು. ಅದಕ್ಕಿಂತಲೂ ಮೊದಲು ಅದು ಹಾಸಿಗೆಯಲ್ಲಿ ಮಲಗಿದವನ ಹಿತ. ತೋಡಿನಾಚೆಯ ಆ ಮುದುಕರಿಗೆ ಬೇಕಾಗಿದ್ದುದು ಈಚೆಯ ದಡದಲ್ಲಿ ನಡೆದ ಸನ್ಮಾನವಲ್ಲ. ಅವರ ಮನೆಯ ದಾರಿಯನ್ನು ಬಲ್ಲವಳ ಮಾತಿಗೆ ಸಂದ ಬೆಲೆ. ಮುಂದಿನ ಆಟಿಯು ಬರುವುದರೊಳಗೆ ನಮ್ಮ ನಮ್ಮ ಊರಿನಲ್ಲಿ ಅಂಥ ಒಂದು ಮಾತನ್ನು ಪೂರ್ತಿಯಾಗಿ ಕೇಳಿ, ಅದರಂತೆ ಒಂದು ಕೆಲಸವನ್ನಾದರೂ ನಡೆಯಿಸಿದೆವಾದರೆ, ಶಾಲನ್ನು ಆಮೇಲೆ ಹೊದೆಸಬಹುದು.